ವಿಮಾನ ಹತ್ತುವ ಮುನ್ನ ಊಟ: ಸೆಕ್ಯುರಿಟಿ ಚೆಕ್‌ಗೆ ಮೊದಲು ಎಲ್ಲಿ, ಯಾವಾಗ, ಏನು ತಿನ್ನಬೇಕು?

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಪ್ರಯಾಣ ಮಾಡುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಬಹುತೇಕ ಊಟದ ಸುತ್ತಲೇ ಇರುತ್ತವೆ. ನಿಲ್ದಾಣದಲ್ಲಿ ಊಟ ಸಿಗುತ್ತದೆಯೇ, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದರೆ ಒಳಗೆ ಬಿಡುತ್ತಾರೆಯೇ, ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ತಪಾಸಣೆಗೆ ಮೊದಲು ಉಣ್ಣಬೇಕೋ ಆಮೇಲೋ ಎಂಬ ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ. ಧಾರವಾಡ, ಗದಗ ಮತ್ತು ಹಾವೇರಿಯಿಂದ ಬರುವವರ ಲೆಕ್ಕವನ್ನೂ ಇದರಲ್ಲಿ ಸೇರಿಸಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ದಾಟಬೇಕಾದ ಬಾಗಿಲುಗಳು ಎರಡು. ಮೊದಲನೆಯದು ಟರ್ಮಿನಲ್ ಕಟ್ಟಡದ ಪ್ರವೇಶದ್ವಾರ. ಅಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ, ಬೀಳ್ಕೊಡಲು ಬಂದವರು ಅಲ್ಲಿಯೇ ನಿಲ್ಲಬೇಕು. ಎರಡನೆಯದು ಸೆಕ್ಯುರಿಟಿ ಚೆಕ್, ಅಂದರೆ ನಿಮ್ಮನ್ನೂ ನಿಮ್ಮ ಕೈಚೀಲವನ್ನೂ ತಪಾಸಣೆ ಮಾಡುವ ಜಾಗ. ಮೊದಲ ಬಾಗಿಲು ದಾಟಿದವರು ಊಟ ನೆನಪಾಯಿತೆಂದು ಹೊರಗೆ ಹೋಗಿಬರುವುದು ಸುಲಭವಲ್ಲ. ಎರಡನೆಯದನ್ನು ದಾಟಿದವರಿಗಂತೂ ವಿಮಾನಸಂಸ್ಥೆಯ ಸಿಬ್ಬಂದಿಯ ನೆರವಿಲ್ಲದೆ ಹಿಂದಿರುಗಲು ಆಗುವುದಿಲ್ಲ. ಆದ್ದರಿಂದ "ಸೆಕ್ಯುರಿಟಿಗೆ ಮೊದಲು ಊಟ" ಎನ್ನುವಾಗ ಕಟ್ಟಡದ ಹೊರಗೋ, ಎರಡು ಬಾಗಿಲುಗಳ ನಡುವೆಯೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಕೈಯಲ್ಲಿ ಇರಬೇಕಾದವು

ಟಿಕೆಟ್ ಅಥವಾ ಬೋರ್ಡಿಂಗ್ ಪಾಸ್ (ವಿಮಾನ ಏರಲು ಬೇಕಾದ, ಆಸನದ ಸಂಖ್ಯೆ ಇರುವ ಚೀಟಿ), ಆಧಾರ್‌ನಂಥ ಗುರುತಿನ ಚೀಟಿ, ಚಾರ್ಜ್ ಇರುವ ಮೊಬೈಲ್, ಖಾಲಿ ನೀರಿನ ಬಾಟಲಿ, ಒಂದಿಷ್ಟು ಚಿಲ್ಲರೆ. ಯುಪಿಐ ಎಲ್ಲೆಡೆ ನಡೆಯುತ್ತದೆಂಬುದು ನಿಜವಾದರೂ ನೆಟ್‌ವರ್ಕ್ ಕೈಕೊಟ್ಟಾಗ ಕೌಂಟರಿನ ಮುಂದೆ ಕಳೆಯುವ ಐದು ನಿಮಿಷ ಇಂಥ ದಿನ ಬಹಳ ತುಟ್ಟಿ.

ಹಂತ 1: ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಬಸ್ಸು ಅಥವಾ ರೈಲಿನ ಲೆಕ್ಕವನ್ನು ಇಲ್ಲಿ ಹಿಡಿಯಬಾರದು. ಟಿಕೆಟ್‌ನಲ್ಲಿ ಬರೆದಿರುವ ಸಮಯ ವಿಮಾನ ಹೊರಡುವ ಸಮಯವೇ ಹೊರತು ನೀವು ಹತ್ತುವ ಸಮಯವಲ್ಲ. ದೇಶೀಯ ಪ್ರಯಾಣದಲ್ಲಿ ಚೀಲ ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ (ವಿಮಾನಕ್ಕೆ ಬಿಡುವ ಕೊನೆಯ ಬಾಗಿಲು) 25 ನಿಮಿಷ ಮೊದಲು ಮುಚ್ಚುತ್ತದೆ. ಸಂಸ್ಥೆಯಿಂದ ಸಂಸ್ಥೆಗೆ ಇದು ಬದಲಾಗಬಹುದಾದ್ದರಿಂದ ನಿಮ್ಮ ಟಿಕೆಟ್‌ನ ಕೆಳಭಾಗದ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿಕೊಳ್ಳಿ.

ಮಧ್ಯಾಹ್ನ 2 ಗಂಟೆಯ ವಿಮಾನ ಎಂದುಕೊಳ್ಳೋಣ. ಗೇಟ್ ಮುಚ್ಚುವುದು 1.35ಕ್ಕೆ, ಚೀಲದ ಕೌಂಟರ್ ಮುಚ್ಚುವುದು 1 ಗಂಟೆಗೆ. ಹುಬ್ಬಳ್ಳಿಯಂಥ ಚಿಕ್ಕ ನಿಲ್ದಾಣದಲ್ಲಿಯೂ 12.30ಕ್ಕೆ ಮೊದಲ ಬಾಗಿಲಿನ ಮುಂದೆ ಇರುವುದು ಒಳ್ಳೆಯದು. ಹೀಗಾಗಿ ಈ ವಿಮಾನಕ್ಕೆ ಹೊರಟವರ ಊಟ 11.30ರ ಆಸುಪಾಸಿನಲ್ಲಿಯೇ ಆಗಬೇಕಾಗುತ್ತದೆ. "ಎರಡು ಗಂಟೆಗಲ್ಲವೇ, ಒಂದಕ್ಕೆ ಉಂಡು ಹೊರಟರಾಯಿತು" ಎನ್ನುವವರಿಗೆ ಊಟ ಸಿಗುತ್ತದೆ, ವಿಮಾನ ಸಿಗುವುದಿಲ್ಲ.

ವೆಬ್ ಚೆಕ್-ಇನ್ ಎಂದರೆ ಮೊಬೈಲ್‌ನಲ್ಲಿಯೇ ಆಸನ ಗೊತ್ತುಪಡಿಸಿಕೊಂಡು ಬೋರ್ಡಿಂಗ್ ಪಾಸ್ ಪಡೆಯುವುದು. ಹಿಂದಿನ ದಿನವೇ ಇದನ್ನು ಮುಗಿಸಿ, ಕೈಚೀಲವೊಂದನ್ನೇ ತಂದವರಿಗೆ ಚೀಲದ ಕೌಂಟರಿನ ಸಾಲು ತಪ್ಪುತ್ತದೆ. ಊಟಕ್ಕೆ ಸಿಗುವ ಹೆಚ್ಚುವರಿ ಸಮಯ ಇದೊಂದೇ.

ಹಂತ 2: ಹುಬ್ಬಳ್ಳಿಯಿಂದ ಹೊರಡುವವರು ಊರಿನಲ್ಲಿಯೇ ಉಣ್ಣಿ

ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದ ಈಗಿನ ಟರ್ಮಿನಲ್ ಚಿಕ್ಕದು, 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದದ್ದು. ಇದಕ್ಕಿಂತ ದೊಡ್ಡದಾದ ಹೊಸ ಕಟ್ಟಡಕ್ಕೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದ್ದು, ಅದು ಬಳಕೆಗೆ ಬಂದಾಗ ಊಟದ ವ್ಯವಸ್ಥೆಯೂ ಬದಲಾಗಬಹುದು. ಅಲ್ಲಿಯವರೆಗೆ ನಿಲ್ದಾಣದಲ್ಲಿ ಚಹಾ-ತಿಂಡಿಯನ್ನು ನಿರೀಕ್ಷಿಸಿ; ಹೊಟ್ಟೆ ತುಂಬುವ ಊಟವನ್ನು ನೆಚ್ಚಿಕೊಂಡು ಹೋಗಬೇಡಿ. ವಿಮಾನದೊಳಗೆ ದುಡ್ಡು ಕೊಟ್ಟು ಕೊಳ್ಳಬಹುದಾದ ತಿನಿಸು ಇರುತ್ತದೆಯಾದರೂ ಬೆಂಗಳೂರಿನಂಥ ಹತ್ತಿರದ ಊರಿಗೆ ಹೋಗುವಾಗ ಗಾಡಿ ನಿಮ್ಮ ಸಾಲಿಗೆ ಬರುವ ಹೊತ್ತಿಗೆ ಇಳಿಯುವ ಸೂಚನೆ ಬಂದಿರುತ್ತದೆ.

ಊರಿನಲ್ಲಿ ಎಂದರೆ ಎಲ್ಲಿ? ಬೆಳಗಿನ ವಿಮಾನವಾದರೆ ಖಾನಾವಳಿಗಳು ತೆರೆದಿರುವುದಿಲ್ಲ. ಇಡ್ಲಿ, ಉಪ್ಪಿಟ್ಟು, ಶಿರಾ, ಅವಲಕ್ಕಿ ಸಿಗುವ ನಾಷ್ಟಾ ಹೋಟೆಲುಗಳೇ ಗತಿ, ಮತ್ತು ಅವೇ ಸರಿಯಾದ ಆಯ್ಕೆ ಕೂಡ. ಕೇಳಿದ ತಕ್ಷಣ ತಟ್ಟೆಗೆ ಬರುವ, ಹೊಟ್ಟೆಗೆ ಭಾರವಾಗದ ತಿಂಡಿ ಅವು. ದೋಸೆ ಹಂಚಿನ ಸರದಿಯನ್ನು ಅವಲಂಬಿಸಿದೆ. ಹೋಟೆಲು ತುಂಬಿದ್ದರೆ ಕೇಳದಿರುವುದೇ ಲೇಸು.

ಮಧ್ಯಾಹ್ನ ಖಾನಾವಳಿಗೆ ಹೋಗುವವರು ಊಟದ ಕ್ರಮವನ್ನು ನೆನಪಿನಲ್ಲಿಡಿ. ಬಿಸಿ ರೊಟ್ಟಿ ಒಂದೊಂದಾಗಿ ಬರುತ್ತದೆ: ಒಳಗೆ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ, ಮೊದಲ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ತಿಂದು ಮುಗಿಸಿದರೂ ಎರಡನೆಯದು ಇನ್ನೂ ಹಂಚಿನ ಮೇಲೆಯೇ ಇರುತ್ತದೆ, ಆಮೇಲೆ ಅನ್ನ, ಸಾರು, ಮಜ್ಜಿಗೆ. ಹೀಗೆ ಸಾವಕಾಶವಾಗಿ ಉಣ್ಣಲು ಮುಕ್ಕಾಲು ಗಂಟೆ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಕೂತ ತಕ್ಷಣ ಕಡಕ್ ರೊಟ್ಟಿ ಅಥವಾ ಚಪಾತಿ ಕೇಳಿ, ಅವು ಸಿದ್ಧವಾಗಿರುತ್ತವೆ.

ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವವರು ಅದು ವಿಮಾನ ನಿಲ್ದಾಣದವರೆಗೆ ಹೋಗುವುದಿಲ್ಲ ಎಂಬುದನ್ನು ಮರೆಯಬಾರದು. ಹೊಸೂರಿನಲ್ಲಿ ಇಳಿದು ಆಟೊ ಹಿಡಿಯಬೇಕಾಗುವುದರಿಂದ ಅಲ್ಲಿಯೇ ತಿಂಡಿ ಮುಗಿಸುವುದು ಅನುಕೂಲ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಈ ಎರಡೂ ಕಡೆಯವರಿಗೆ ನನ್ನ ಸಲಹೆ ಮನೆಯಲ್ಲಿಯೇ ಊಟ ಮಾಡಿ ಹೊರಡುವುದು. ಅಣ್ಣಿಗೇರಿಯಲ್ಲೋ ಶಿಗ್ಗಾವಿಯಲ್ಲೋ ನಿಲ್ಲಿಸಿದರಾಯಿತು ಎಂದುಕೊಂಡರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ಹುಬ್ಬಳ್ಳಿಯ ಊರೊಳಗಿನ ಸಂಚಾರ ಇನ್ನೊಂದು ಅರ್ಧ ಗಂಟೆಯನ್ನು ನುಂಗುತ್ತದೆ.

ಹಂತ 3: ಬುತ್ತಿ ಕಟ್ಟುವವರು ಒಣ ಪದಾರ್ಥವನ್ನು ಆರಿಸಿಕೊಳ್ಳಿ

ಮನೆಯ ಬುತ್ತಿಯನ್ನು ದೇಶೀಯ ವಿಮಾನದಲ್ಲಿ ಒಯ್ಯಬಹುದು. ಇದಕ್ಕೆ ತಡೆಯಿಲ್ಲ. ಸ್ಟೀಲ್ ಡಬ್ಬಿ ತಪಾಸಣೆಯ ಯಂತ್ರದಲ್ಲಿ ಹೋಗುತ್ತದೆ, ಚಮಚವೂ ಹೋಗುತ್ತದೆ. ಹಣ್ಣು ಹೆಚ್ಚುವ ಚಾಕು ಹೋಗುವುದಿಲ್ಲ. ಎಕ್ಸ್-ರೇ ಯಂತ್ರದಲ್ಲಿ ಹಾದು ಬಂದ ಅನ್ನ ತಿನ್ನಬಹುದೇ ಎಂದು ಹಿರಿಯರು ಕೇಳುವುದುಂಟು. ಧಾರಾಳವಾಗಿ ತಿನ್ನಬಹುದು, ಆಹಾರದಲ್ಲಿ ಅದರಿಂದ ಯಾವ ಬದಲಾವಣೆಯೂ ಆಗುವುದಿಲ್ಲ.

ತೊಂದರೆ ಬರುವುದು ದ್ರವದಿಂದ. ಮೊಸರು, ಮಜ್ಜಿಗೆ, ತುಪ್ಪ, ಸಾರು, ಎಣ್ಣೆ ಜಿನುಗುವ ಪಲ್ಯ, ಉಪ್ಪಿನಕಾಯಿ ಇವನ್ನೆಲ್ಲ ತಪಾಸಣೆಯವರು ದ್ರವವೆಂದು ಪರಿಗಣಿಸಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಡಬ್ಬಿಯಲ್ಲಿರುವ ದ್ರವವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ದೇಶೀಯ ಪ್ರಯಾಣದಲ್ಲಿ ಸ್ವಲ್ಪ ಸಡಿಲಿಕೆ ಕಂಡರೂ ಕೊನೆಯ ಮಾತು ಅಲ್ಲಿ ನಿಂತ ಸಿಬ್ಬಂದಿಯದೇ. ಚಪಾತಿ ಮತ್ತು ಒಣ ಪಲ್ಯ, ಕಡಕ್ ರೊಟ್ಟಿ, ಒಗ್ಗರಣೆ ಅವಲಕ್ಕಿ, ಥಾಲಿಪೆಟ್ಟು, ಶೇಂಗಾ ಹೋಳಿಗೆ ಇವುಗಳಿಗೆ ಯಾರ ತಕರಾರೂ ಇರುವುದಿಲ್ಲ. ಅದರಲ್ಲಿಯೂ ಶೇಂಗಾ ಹೋಳಿಗೆ ವಿಮಾನ ಪ್ರಯಾಣಕ್ಕೆಂದೇ ಹುಟ್ಟಿದಂತಿದೆ: ಸೋರುವುದಿಲ್ಲ, ನಾರುವುದಿಲ್ಲ, ಮರುದಿನಕ್ಕೂ ಕೆಡುವುದಿಲ್ಲ.

ನಮ್ಮ ಭಾಗದವರು ಮುಖ್ಯವಾಗಿ ಎಡವುವುದು ಮೂರು ಕಡೆ.

ಒಂದು, ಖಾರದ ಪುಡಿ. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಮಕ್ಕಳಿಗೆಂದು ಒಯ್ಯುವುದು ಇಲ್ಲಿನ ರೂಢಿ. ಕಣ್ಣಿಗೆ ಎರಚಬಹುದಾದ ವಸ್ತುವೆಂಬ ಕಾರಣಕ್ಕೆ ಅದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಶೇಂಗಾ ಚಟ್ನಿ ಮತ್ತು ಗುರೆಳ್ಳು ಚಟ್ನಿಯ ಪುಡಿಯನ್ನೂ ಇದೇ ಸಾಲಿಗೆ ಸೇರಿಸುವ ಸಿಬ್ಬಂದಿ ಇದ್ದಾರೆ. ಪೊಟ್ಟಣಗಳನ್ನೆಲ್ಲ ಚೆಕ್-ಇನ್ ಚೀಲದಲ್ಲಿ, ಅಂದರೆ ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲದಲ್ಲಿ ಹಾಕಿ. ಬುತ್ತಿಗೆ ಬೇಕಾದಷ್ಟು ಚಟ್ನಿಯನ್ನು ಎಣ್ಣೆಯಲ್ಲಿ ಕಲಸಿ ಚಪಾತಿಗೆ ಹಚ್ಚಿಯೇ ಸುತ್ತಿಕೊಳ್ಳಿ.

ಎರಡು, ಒಣ ಕೊಬ್ಬರಿ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕೊಬ್ಬರಿ ಬಟ್ಟಲು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ದೊಡ್ಡ ಚೀಲದಲ್ಲಿಯೂ ಅದನ್ನು ಇಡುವಂತಿಲ್ಲ. ಉಡಿ ತುಂಬಿಸಿಕೊಂಡು ನೇರವಾಗಿ ನಿಲ್ದಾಣಕ್ಕೆ ಬರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು: ಕೊಬ್ಬರಿ ಬಟ್ಟಲನ್ನೂ ಇಡೀ ತೆಂಗಿನಕಾಯಿಯನ್ನೂ ಮನೆಯಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ಮೂರು, ಧಾರವಾಡ ಪೇಡೆ. ಇದಕ್ಕೆ ನಿಷೇಧವೇನೂ ಇಲ್ಲ. ಆದರೆ ಒತ್ತಾಗಿ ತುಂಬಿದ ಪೇಡೆಯ ಡಬ್ಬಿ ಯಂತ್ರದ ಪರದೆಯ ಮೇಲೆ ಒಂದೇ ಗಟ್ಟಿ ಮುದ್ದೆಯಾಗಿ ಕಾಣುವುದರಿಂದ ಚೀಲ ಬಿಚ್ಚಿಸಿ ನೋಡುವುದುಂಟು. ಬಟ್ಟೆಗಳ ಅಡಿಯಲ್ಲಿ ಹೂಳದೆ ಮೇಲೆಯೇ ಇಟ್ಟರೆ ನಿಮಗೂ ಅವರಿಗೂ ಕೆಲಸ ಹಗುರ.

ಗಿರ್ಮಿಟ್ ಕಟ್ಟಿಸಿಕೊಂಡು ಹೋಗಬಹುದೇ ಎಂದೂ ಕೆಲವರು ಕೇಳಿದ್ದಾರೆ. ನಿಯಮದ ಅಡ್ಡಿಯಿಲ್ಲ, ಆದರೆ ಗೊಜ್ಜು ಕಲಸಿದ ಚುರುಮರಿ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಹಸಿ ಉಳ್ಳಾಗಡ್ಡಿಯ ವಾಸನೆ ಮುಚ್ಚಿದ ವಿಮಾನದಲ್ಲಿ ಆರು ಸಾಲಿನವರೆಗೆ ಹೋಗುತ್ತದೆ. ಅದನ್ನು ಅಂಗಡಿಯ ಮುಂದೆಯೇ ನಿಂತು, ಮಿರ್ಚಿ ಕಡಿದುಕೊಂಡು ತಿನ್ನಬೇಕು.

ಹಂತ 4: ಚೀಲ ಮೊದಲು, ಊಟ ಆಮೇಲೆ

ಬೆಂಗಳೂರು, ಮುಂಬೈ, ಹೈದರಾಬಾದ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ಎರಡು ಬಾಗಿಲುಗಳ ನಡುವೆ ತಿಂಡಿಯ ಮಳಿಗೆಗಳು ಕಂಡರೆ ನೇರವಾಗಿ ಅಲ್ಲಿಗೆ ಹೋಗಬೇಡಿ. ಮೊದಲು ಚೀಲ ಒಪ್ಪಿಸಿ. ಕೌಂಟರಿನ ಸಾಲು ಎಷ್ಟು ಬೇಗ ಸಾಗುತ್ತದೆಂದು ಯಾರೂ ಹೇಳಲಾರರು; ಮುಂದಿರುವ ಒಂದೇ ಕುಟುಂಬದ ಚೀಲಗಳ ತೂಕ ಹೆಚ್ಚಾದರೂ ಸಾಲು ಕದಲದೆ ನಿಲ್ಲುತ್ತದೆ. ಅಲ್ಲದೆ ಎರಡು ದೊಡ್ಡ ಚೀಲ ಮತ್ತು ಊಟದ ತಟ್ಟೆ ಎರಡನ್ನೂ ಸಂಭಾಳಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಚೀಲ ಒಪ್ಪಿಸಿದ ಮೇಲೆ ಸೆಕ್ಯುರಿಟಿ ಚೆಕ್‌ನ ಸಾಲನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ. ಸಾಲು ಚಿಕ್ಕದಿದ್ದು, ಗೇಟ್ ಮುಚ್ಚಲು ಒಂದೂವರೆ ಗಂಟೆಗಿಂತ ಹೆಚ್ಚು ಸಮಯವಿದ್ದರೆ ನಿಶ್ಚಿಂತೆಯಿಂದ ಇಲ್ಲಿಯೇ ಕೂತು ಉಣ್ಣಬಹುದು. ಒಂದು ಗಂಟೆಗಿಂತ ಕಡಿಮೆ ಉಳಿದಿದ್ದರೆ ಅಥವಾ ಸಾಲು ಹಗ್ಗದ ಸುತ್ತುಗಳನ್ನು ದಾಟಿ ಹೊರಗೆ ಬಂದಿದ್ದರೆ ಮೊದಲು ತಪಾಸಣೆ ಮುಗಿಸಿ, ಗೇಟಿನ ಹತ್ತಿರ ಏನಾದರೂ ತಿನ್ನಿ. ಇವೆರಡರ ನಡುವೆ ಇದ್ದಾಗ ನಾನು ಕಟ್ಟಿಸಿಕೊಂಡು ಒಳಗೆ ಹೋಗುವ ಪಕ್ಷದವನು. ಇಡ್ಲಿ, ಸ್ಯಾಂಡ್‌ವಿಚ್, ಬನ್ನು ತಪಾಸಣೆ ದಾಟುತ್ತವೆ. ಸಾಂಬಾರಿನ ಪೊಟ್ಟಣ ಮತ್ತು ಬಿಸಿ ಕಾಫಿಯ ಲೋಟ ದಾಟುವುದಿಲ್ಲವೆಂದೇ ತಿಳಿಯಿರಿ.

ಯಾರಾದರೂ ಬೀಳ್ಕೊಡಲು ಬಂದಿದ್ದು ಎಲ್ಲರೂ ಸೇರಿ ಉಣ್ಣಬೇಕೆಂದಿದ್ದರೆ ಅದು ಮೊದಲ ಬಾಗಿಲಿನ ಹೊರಗೇ ಆಗಬೇಕು.

ಹಂತ 5: ಕೇಳಿದ ತಕ್ಷಣ ಸಿಗುವುದನ್ನು ಕೇಳಿ, ಬಿಲ್ ನೋಡಿ

ಕೌಂಟರಿನಲ್ಲಿ ಮೊದಲ ಪ್ರಶ್ನೆ "ಏನಿದೆ" ಎಂದಾಗಿರದೆ "ಐದು ನಿಮಿಷದಲ್ಲಿ ಏನು ಕೊಡುತ್ತೀರಿ" ಎಂದಿರಲಿ. ಬೆಲೆ ಊರಿನ ಹೋಟೆಲಿಗಿಂತ ಹಲವು ಪಟ್ಟು ಇರುತ್ತದೆ. ಮಳಿಗೆಯ ಬಾಡಿಗೆಯ ಹೊರೆಯೂ ಅದರಲ್ಲಿ ಸೇರಿರುತ್ತದೆ. ಕೆಲವು ನಿಲ್ದಾಣಗಳಲ್ಲಿ ಇದಕ್ಕೊಂದು ಪರ್ಯಾಯ ಬಂದಿದೆ. ವಿಮಾನ ನಿಲ್ದಾಣ ಪ್ರಾಧಿಕಾರದ "ಉಡಾನ್ ಯಾತ್ರಿ ಕೆಫೆ" 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ, 2025ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಆರಂಭವಾಯಿತು. ಅಲ್ಲಿ 10 ರೂಪಾಯಿಗೆ ಚಹಾ ಮತ್ತು ನೀರು, 20 ರೂಪಾಯಿಗೆ ಕಾಫಿ ಮತ್ತು ಸಮೋಸಾ ಎಂದು ದರ ನಿಗದಿಯಾಗಿತ್ತು. ಚೆನ್ನೈ ಮೂಲಕ ಹೋಗುವವರು ವಿಚಾರಿಸಿ ನೋಡಿ.

ಬಿಸ್ಕೆಟ್, ಚಿಪ್ಸ್, ನೀರಿನಂಥ ಮೊಹರು ಮಾಡಿದ ಪೊಟ್ಟಣ ಕೊಳ್ಳುವಾಗ ಅದರ ಮೇಲಿನ ಎಂಆರ್‌ಪಿ, ಅಂದರೆ ಗರಿಷ್ಠ ಮಾರಾಟ ಬೆಲೆಯನ್ನು ಬಿಲ್‌ನೊಂದಿಗೆ ಹೋಲಿಸಿ. ಒಂದೇ ಬಗೆಯ ಪೊಟ್ಟಣಕ್ಕೆ ವಿಮಾನ ನಿಲ್ದಾಣದಲ್ಲಿ ಒಂದು, ಹೊರಗೆ ಇನ್ನೊಂದು ಎಂದು ಎರಡು ಎಂಆರ್‌ಪಿ ಮುದ್ರಿಸುವುದನ್ನು 2018ರ ಜನವರಿ 1ರಿಂದ ನಿಯಮವೇ ತಡೆದಿದೆ. ಅಂಗಡಿಯವರು ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಗಳಕ್ಕೆ ನಿಲ್ಲಬೇಡಿ, ದೂರನ್ನು ಊರು ತಲುಪಿದ ಮೇಲೂ ಕೊಡಬಹುದು.

ಏನು ತಿನ್ನಬಾರದು ಎಂಬುದಕ್ಕೆ ಒಂದು ಕಾರಣಸಹಿತ ಸೂಚನೆ. ಹಾರುತ್ತಿರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಈ ಎತ್ತರದಲ್ಲಿ ಅದರ ಗಾತ್ರ ನೆಲದ ಮೇಲಿದ್ದುದಕ್ಕಿಂತ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಹೆಚ್ಚಬಹುದು. ಆದ್ದರಿಂದ ಹೊರಡುವ ಮುನ್ನ ಮಡಿಕೆ ಕಾಳು, ಕಡಲೆ ಕಾಳಿನ ಉಸುಳಿ, ಝುಣಕ, ಸೋಡಾ ಇವುಗಳಿಂದ ದೂರವಿರಿ.

ಹಂತ 6: ತಪಾಸಣೆಯ ಸಾಲಿಗೆ ಹೋಗುವಾಗ

ಬುತ್ತಿಯ ಡಬ್ಬಿ ಚೀಲದ ಮೇಲ್ಭಾಗದಲ್ಲಿರಲಿ. ಬಾಟಲಿಯ ನೀರನ್ನು ಕುಡಿದು ಖಾಲಿ ಮಾಡಿ. ಆ ಕಡೆ ಕುಡಿಯುವ ನೀರಿನ ನಲ್ಲಿ ಇರುತ್ತದೆ, ಅಲ್ಲಿ ತುಂಬಿಕೊಂಡರೆ ನೀರಿಗೆ ದುಡ್ಡು ಕೊಡಬೇಕಿಲ್ಲ. ಬೆಂಕಿಪೊಟ್ಟಣ ಮತ್ತು ಲೈಟರ್ ಇದ್ದರೆ ಹೊರಗೇ ಬಿಡಿ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ತೋರಿಸಿ ಊಟ ಮಾಡಬಹುದಾದ ಲೌಂಜ್, ಅಂದರೆ ವಿಶ್ರಾಂತಿ ಕೊಠಡಿ, ಹೆಚ್ಚಾಗಿ ತಪಾಸಣೆಯ ಆಚೆಗೇ ಇರುತ್ತದೆ. ಅದನ್ನು ಬಳಸುವ ಯೋಚನೆಯಿದ್ದರೆ ಈಚೆ ಕಡೆ ತಿನ್ನದೆ ಬೇಗ ಒಳಗೆ ಹೋಗಿ.

ಹಂತ 7: ಬೆಂಗಳೂರಿನಲ್ಲಿ ವಿಮಾನ ಬದಲಿಸುವವರಿಗೆ

ಇಲ್ಲಿ ಟಿಕೆಟ್ ಒಂದೇ ಅಥವಾ ಎರಡೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹುಬ್ಬಳ್ಳಿಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇದ್ದರೆ ನಿಮ್ಮ ದೊಡ್ಡ ಚೀಲ ಸಾಮಾನ್ಯವಾಗಿ ತಾನಾಗಿ ಮುಂದಕ್ಕೆ ಹೋಗುತ್ತದೆ. ನೀವು ವರ್ಗಾವಣೆಯ ಫಲಕಗಳನ್ನು ಅನುಸರಿಸಿ ಮುಂದಿನ ಗೇಟ್ ತಲುಪಿ, ಅಲ್ಲಿ ಊಟ ನೋಡಿಕೊಳ್ಳಿ. ಹೊರಗೆ ಬಂದು ಉಣ್ಣುವ ಆಸೆ ಬೇಡ.

ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಚೀಲ ತೆಗೆದುಕೊಂಡು ಹೊರಗೆ ಬಂದು, ಮತ್ತೆ ಮೊದಲ ಬಾಗಿಲಿನಿಂದ ಎಲ್ಲವನ್ನೂ ಆರಂಭಿಸಬೇಕು. ಆಗ 1ನೇ ಟರ್ಮಿನಲ್‌ನ ಹೊರಗಡೆ ಇರುವ "ಕ್ವಾಡ್" ಎಂಬ ತೆರೆದ ಆವರಣ ಉಪಯೋಗಕ್ಕೆ ಬರುತ್ತದೆ. ಅಲ್ಲಿ ತಿಂಡಿಯ ಮಳಿಗೆಗಳಿವೆ, ಟಿಕೆಟ್ ಇಲ್ಲದವರೂ ಕೂರಬಹುದು. ಬೆಂಗಳೂರಿನಲ್ಲಿರುವ ಮಕ್ಕಳು ಬಂದು ಭೇಟಿಯಾಗುವುದಿದ್ದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಕೂರುವ ಮೊದಲು ನಿಮ್ಮ ಮುಂದಿನ ವಿಮಾನ ಯಾವ ಟರ್ಮಿನಲ್‌ನಿಂದ ಎಂದು ಖಚಿತಪಡಿಸಿಕೊಳ್ಳಿ. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳು 2ನೇ ಟರ್ಮಿನಲ್‌ಗೆ ಹೋಗಿವೆ, ಕೆಲವು ದೇಶೀಯ ಸಂಸ್ಥೆಗಳೂ ಅಲ್ಲಿಂದಲೇ ಹೊರಡುತ್ತವೆ. ಎರಡರ ನಡುವೆ ಶಟಲ್ ಬಸ್ಸು ಓಡುತ್ತದೆ. ಅದಕ್ಕೆ ಕಾಯುವುದನ್ನೂ ಸೇರಿಸಿ ಅರ್ಧ ಗಂಟೆಯನ್ನು ಊಟದ ಸಮಯದಿಂದ ಕಳೆಯಿರಿ. ವಿದೇಶಕ್ಕೆ ಹೊರಟವರಿಗೆ ತಪಾಸಣೆಗೆ ಮೊದಲು ಇಮಿಗ್ರೇಷನ್, ಅಂದರೆ ಪಾಸ್‌ಪೋರ್ಟ್ ಪರಿಶೀಲನೆಯ ಸಾಲೂ ಇರುತ್ತದೆ. ಅವರು ಈಚೆ ಕಡೆ ಚಹಾಕ್ಕಿಂತ ಹೆಚ್ಚಿನದಕ್ಕೆ ಕೂರದಿರುವುದು ಒಳ್ಳೆಯದು.

ಸಕ್ಕರೆ ಕಾಯಿಲೆ ಇರುವವರು, ಎಳೆಯ ಮಕ್ಕಳು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು "ಒಳಗೆ ಹೋಗಿ ಉಣ್ಣೋಣ" ಎಂದು ಔಷಧಿಯನ್ನು ಮೊದಲೇ ತೆಗೆದುಕೊಳ್ಳಬಾರದು. ತಟ್ಟೆ ಮುಂದೆ ಬಂದ ಮೇಲೆಯೇ, ವೈದ್ಯರು ಹೇಳಿದ ಕ್ರಮದಲ್ಲಿ ತೆಗೆದುಕೊಳ್ಳಿ, ಏಕೆಂದರೆ ಸಾಲು ಯಾವಾಗ ಬೆಳೆಯುತ್ತದೆಂದು ಹೇಳಲಾಗದು. ವೈದ್ಯರ ಚೀಟಿಯೊಂದಿಗೆ ಇನ್ಸುಲಿನ್ ಕೈಚೀಲದಲ್ಲಿಯೇ ಇರಲಿ, ದೊಡ್ಡ ಚೀಲದಲ್ಲಿ ಬೇಡ. ಜೊತೆಗೆ, ರಕ್ತದ ಸಕ್ಕರೆ ಇಳಿದರೆ ತಿನ್ನಲು ನಾಲ್ಕು ಗ್ಲೂಕೋಸ್ ಗುಳಿಗೆ ಅಥವಾ ಒಂದೆರಡು ಪೇಡೆಯನ್ನು ಕೈಗೆ ಸಿಗುವ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಸುಗೂಸಿನ ಹಾಲು ಮತ್ತು ಆಹಾರವನ್ನು ಪ್ರಯಾಣಕ್ಕೆ ಬೇಕಾಗುವಷ್ಟು ಒಳಗೆ ಬಿಡುತ್ತಾರೆ. ಸಾಲಿನಲ್ಲಿ ನಿಂತಾಗಲೇ ಅದನ್ನು ಹೊರತೆಗೆದು ಸಿಬ್ಬಂದಿಗೆ ತಿಳಿಸಿ. ಮಗುವಿಗೆ ಪೂರ್ತಿ ಹೊಟ್ಟೆ ತುಂಬಿಸುವುದನ್ನು ತಪಾಸಣೆಗೆ ಮೊದಲು ಮಾಡದೆ ಸ್ವಲ್ಪ ಹಾಲು ಉಳಿಸಿಕೊಳ್ಳಿ. ವಿಮಾನ ಏರುವಾಗ ಮತ್ತು ಇಳಿಯುವಾಗ ಮಗು ಹಾಲು ನುಂಗುತ್ತಿದ್ದರೆ ಕಿವಿ ಕಟ್ಟುವ ನೋವು ಕಡಿಮೆಯಾಗುತ್ತದೆ.